ರಿಂಗ್ ಹತ್ತುವ ಮುಂಚೆ ಆಂಬುಲೆನ್ಸ್ ಎಲ್ಲಿ ನಿಂತಿದೆ ನೋಡಿ: ಫೈಟರ್‌ಗಳಿಗೂ ಮನೆಯವರಿಗೂ ಒಂದು ವೈದ್ಯಕೀಯ ಮಾರ್ಗದರ್ಶಿ

ಪಂದ್ಯ ಮುಗಿದು ಹತ್ತು ನಿಮಿಷ ಆಗಿತ್ತು. ಹುಡುಗ ಡ್ರೆಸಿಂಗ್ ರೂಮಿನ ಬೆಂಚಿನ ಮೇಲೆ ಕೂತು ಶೂ ಲೇಸ್ ಬಿಚ್ಚುತ್ತಿದ್ದ. "ಅಣ್ಣಾ, ಎಷ್ಟನೇ ರೌಂಡಲ್ಲಿ ನಿಲ್ಲಿಸಿದ್ರು?" ಅಂತ ಕೇಳಿದ. "ಐದನೇದು" ಅಂದೆ. ತಲೆಯಾಡಿಸಿದ. ಬಿಚ್ಚಿದ ಲೇಸನ್ನೇ ಮತ್ತೆ ಕಟ್ಟೋಕೆ ಶುರು ಮಾಡಿದ. ಕಟ್ಟಿ ಮುಗಿಸಿ, "ಅಣ್ಣಾ, ಎಷ್ಟನೇ ರೌಂಡಲ್ಲಿ ನಿಲ್ಲಿಸಿದ್ರು?" ಅಂದ. ಮುಖದ ಮೇಲೆ ಒಂದು ಗೀರೂ ಇರಲಿಲ್ಲ.

ಮೂರನೇ ಸಲ ಅದೇ ಪ್ರಶ್ನೆ ಬಂದಾಗ ನಾನು ಡಾಕ್ಟರನ್ನು ಹುಡುಕಿಕೊಂಡು ಓಡಿದೆ. ಡಾಕ್ಟರ್ ಆಗಲೇ ಹೊರಟುಹೋಗಿದ್ದರು. ಆಂಬುಲೆನ್ಸೂ ಹೋಗಿತ್ತು. ಕೊನೇ ಪಂದ್ಯ ಮುಗೀತಲ್ಲ, ಇನ್ನೇನು ಕೆಲಸ ಅಂತ ಆಯೋಜಕರು ಕೇಳಿದರು. ಹುಡುಗನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣಲಿಲ್ಲ. ಏಟಿಗೆ ಮೆದುಳು ಅದುರಿ ಆಗುವ ಕನ್‌ಕಷನ್ ಅಂದರು. ಅವತ್ತು ಬಚಾವಾದೆವು.

ನಾನು ಕೋಚ್ ಅಲ್ಲ, ಡಾಕ್ಟರೂ ಅಲ್ಲ. ರೌಂಡುಗಳ ನಡುವೆ ಫೈಟರ್ ಬಂದು ಕೂರುವ ರಿಂಗಿನ ಮೂಲೆಯಲ್ಲಿ, ಅಂದರೆ ಕಾರ್ನರ್‌ನಲ್ಲಿ, ಬಕೆಟ್, ಐಸ್, ಟವೆಲ್ ಹಿಡಿದು ನಿಲ್ಲುವವನು. ಬಾಕ್ಸಿಂಗ್ ಇರಲಿ, ಕಿಕ್‌ಬಾಕ್ಸಿಂಗ್ ಇರಲಿ, ಹೊಡೆತ, ಒದೆತ, ಕುಸ್ತಿ ಎಲ್ಲ ಸೇರಿದ ಎಂಎಂಎ ಇರಲಿ, ಕಾರ್ನರ್‌ನಲ್ಲಿ ಒಬ್ಬರು ಬೇಕೇ ಬೇಕು. ಆ ರಾತ್ರಿ ಆದಮೇಲೆ, ಪಂದ್ಯಕ್ಕೆ ಒಪ್ಪುವ ಮುಂಚೆ ಏನೇನು ಕೇಳಬೇಕು, ಯಾವಾಗ ಏನು ನೋಡಬೇಕು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬಂದೆ. ಡಾಕ್ಟರುಗಳನ್ನು ಕೇಳಿದೆ, ಬೇರೆ ದೇಶಗಳ ನಿಯಮ ಓದಿದೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಕೊಡುತ್ತಿದ್ದೇನೆ. ಫೈಟರ್ ಓದಿದರೆ ಒಳ್ಳೆಯದು. ಅವನ ಅಮ್ಮನೋ ಅಕ್ಕನೋ ಓದಿದರೆ ಇನ್ನೂ ಒಳ್ಳೆಯದು.

ಮೊದಲಿಗೆ, ಭಯಪಡಬೇಕಾದ್ದು ಯಾವುದಕ್ಕೆ?

ರಕ್ತ ನೋಡಿದರೆ ಮನೆಯವರ ಎದೆ ಒಡೆಯುತ್ತದೆ. ಹುಬ್ಬು ಸೀಳಿದರೆ, ಮೂಗು ಮುರಿದರೆ ಗಾಬರಿಯಾಗುತ್ತದೆ. ಆದರೆ ಅವು ವಾಸಿಯಾಗುವ ಗಾಯಗಳು. ಜೀವ ತೆಗೆಯುವುದು ಹೊರಗೆ ಕಾಣದ ಗಾಯ.

ಗದ್ದದ ಪಕ್ಕಕ್ಕೆ ಒಂದು ಹುಕ್, ಅಂದರೆ ಬದಿಯಿಂದ ಬೀಸುವ ಗುದ್ದು, ಬಿದ್ದಾಗ ತಲೆ ಗಕ್ಕನೆ ತಿರುಗುತ್ತದೆ. ತಲೆಬುರುಡೆ ಮೊದಲು ತಿರುಗುತ್ತದೆ, ಒಳಗಿನ ಮೆದುಳು ಒಂದು ಕ್ಷಣ ತಡವಾಗಿ ಹಿಂಬಾಲಿಸುತ್ತದೆ. ಮೆದುಳಿಗೂ ಅದರ ಹೊರಪೊರೆಗೂ ನಡುವೆ ದಾರದಂಥ ಸಣ್ಣ ರಕ್ತನಾಳಗಳಿವೆ. ಈ ಎಳೆದಾಟದಲ್ಲಿ ಕೆಲವೊಮ್ಮೆ ಅವು ಕಿತ್ತುಹೋಗುತ್ತವೆ. ರಕ್ತ ನಿಧಾನವಾಗಿ ಜಿನುಗಿ ಪೊರೆಯ ಕೆಳಗೆ ಸೇರುತ್ತಾ ಹೋಗುತ್ತದೆ. ಬುರುಡೆ ಹಿಗ್ಗುವುದಿಲ್ಲವಲ್ಲ, ಹಾಗಾಗಿ ಒತ್ತಡವೆಲ್ಲ ಮೆದುಳಿನ ಮೇಲೆ. ಡಾಕ್ಟರುಗಳು ಇದನ್ನು ಸಬ್‌ಡ್ಯೂರಲ್ ಹೆಮಟೋಮಾ ಅನ್ನುತ್ತಾರೆ. ಮೋಸ ಇರುವುದು ಆ 'ನಿಧಾನ'ದಲ್ಲೇ. ಹುಡುಗ ಎದ್ದು ನಿಲ್ಲುತ್ತಾನೆ, ಎದುರಾಳಿಯನ್ನು ತಬ್ಬಿಕೊಳ್ಳುತ್ತಾನೆ, ಫೋಟೋಗೆ ನಗುತ್ತಾನೆ. ಅರ್ಧ ಗಂಟೆ ಬಿಟ್ಟು ವಾಂತಿ ಮಾಡಿ ಕುಸಿಯುತ್ತಾನೆ.

ಗ್ಲೌಸ್ ಇದನ್ನು ತಡೆಯುವುದಿಲ್ಲ. ಅದು ಮುಖ್ಯವಾಗಿ ಹೊಡೆಯುವವನ ಮುಷ್ಟಿ ಕಾಯುತ್ತದೆ, ಎದುರಿನವನ ಚರ್ಮ ಸೀಳದಂತೆ ನೋಡಿಕೊಳ್ಳುತ್ತದೆ. ಹೆಡ್‌ಗಾರ್ಡ್ ಕೂಡ ತಲೆ ತಿರುಗುವುದನ್ನು ನಿಲ್ಲಿಸಲಾರದು. 2013ರಲ್ಲಿ ಅಂತರರಾಷ್ಟ್ರೀಯ ಅಮೆಚೂರ್ ಬಾಕ್ಸಿಂಗ್ ಸಂಸ್ಥೆ ಪುರುಷರ ಎಲೈಟ್ ವಿಭಾಗದಲ್ಲಿ ಅದನ್ನು ತೆಗೆದೇ ಹಾಕಿತು. ಮುಂದಿನ ಎಲ್ಲಾ ಹಂತಗಳಲ್ಲೂ ಈ ಜಿನುಗುವ ರಕ್ತವನ್ನು ನೆನಪಿನಲ್ಲಿಡಿ. ನಿಮಿಷಗಳ ಲೆಕ್ಕ ಯಾಕೆ ಅಂತ ಅರ್ಥವಾಗುತ್ತದೆ.

ಹಂತ 1: ಒಪ್ಪಿಕೊಳ್ಳುವ ಮುಂಚೆ ದೇಹದ ತಪಾಸಣೆ

ಪಂದ್ಯಕ್ಕೆ ಒಂದೂವರೆ ತಿಂಗಳಾದರೂ ಇರುವಾಗ ಇದನ್ನು ಮಾಡಿಸಿ. ಹಿಂದಿನ ದಿನ ಓಡಾಡಿದರೆ ವರದಿಯೂ ಸರಿಯಾಗಿ ಬರುವುದಿಲ್ಲ, ಬಂದರೂ ಯಾರೂ ಪಂದ್ಯ ರದ್ದು ಮಾಡುವ ಮನಸ್ಸು ಮಾಡುವುದಿಲ್ಲ.

ಕಟ್ಟುನಿಟ್ಟಿನ ನಿಯಮ ಇರುವ ಕಡೆ ಲೈಸೆನ್ಸ್ ಕೊಡುವ ಮುಂಚೆ ಕೇಳುವುದು ಹೆಚ್ಚುಕಡಿಮೆ ಇವನ್ನೇ: ಮೆದುಳಿನ ಎಂಆರ್‌ಐ, ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ಮಾಡುವ ತಪಾಸಣೆ, ಇಸಿಜಿ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ರಕ್ತಪರೀಕ್ಷೆ, ಮತ್ತೆ ಒಬ್ಬ ಡಾಕ್ಟರ್ ಕೂರಿಸಿಕೊಂಡು ಮಾಡುವ ಪೂರ್ತಿ ದೇಹಪರೀಕ್ಷೆ. ಹೆಣ್ಣುಮಕ್ಕಳಿಗೆ ಗರ್ಭಪರೀಕ್ಷೆಯೂ ಇರುತ್ತದೆ. ಬ್ರಿಟನ್‌ನಲ್ಲಿ ವೃತ್ತಿಪರ ಬಾಕ್ಸರ್‌ಗಳಿಗೆ ಪ್ರತಿ ವರ್ಷ ಮೆದುಳಿನ ಸ್ಕ್ಯಾನ್ ಕಡ್ಡಾಯ.

ಎಂಆರ್‌ಐ ದುಬಾರಿ ಅನ್ನಿಸುತ್ತದೆ, ನಿಜ. ಆದರೆ ಒಂದು ಸಲವಾದರೂ ಮಾಡಿಸಿ ಆ ಫಿಲ್ಮ್ ಜೋಪಾನವಾಗಿಡಿ. ಮುಂದೆ ಏನಾದರೂ ಆದಾಗ ಹೋಲಿಸಿ ನೋಡೋಕೆ ಡಾಕ್ಟರಿಗೆ ಹಳೆಯದೊಂದು ಬೇಕು. ಹುಟ್ಟಿನಿಂದ ಬಂದ ದೋಷ ಇದ್ದರೆ ಅದೂ ಗೊತ್ತಾಗುತ್ತದೆ. ಕಣ್ಣಿನ ತಪಾಸಣೆಯನ್ನು ತುಂಬಾ ಜನ ಹಾರಿಸುತ್ತಾರೆ. ಕಣ್ಣ ಮುಂದೆ ಮಿಂಚಿದಂತಾಗುವುದು, ಕಪ್ಪು ಚುಕ್ಕೆಗಳು ತೇಲುವುದು, ಒಂದು ಬದಿಗೆ ಪರದೆ ಎಳೆದಂತಾಗುವುದು ರೆಟಿನಾ ಕಳಚುತ್ತಿರುವ ಸೂಚನೆ. ದೊಡ್ಡ ಹೆಸರಿನ ಶುಗರ್ ರೇ ಲೆನಾರ್ಡ್ 1982ರಲ್ಲಿ ಇದೇ ತೊಂದರೆಗೆ ಆಪರೇಷನ್ ಮಾಡಿಸಿಕೊಂಡರು. ಇಂಥದ್ದು ಕಂಡರೆ ಅವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಿ.

ಪಟ್ಟಿಯಲ್ಲಿ ಸಾಮಾನ್ಯವಾಗಿ ಇರದ, ಆದರೆ ನಮ್ಮ ಊರುಗಳಲ್ಲಿ ಕೇಳಲೇಬೇಕಾದ ಒಂದು ಮಾತು: ಇತ್ತೀಚೆಗೆ ಡೆಂಗ್ಯೂ ಬಂದಿತ್ತಾ? ಡೆಂಗ್ಯೂನಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಅಂಥ ಸ್ಥಿತಿಯಲ್ಲಿ ತಲೆಗೆ ಏಟು ತಿಂದರೆ ಏನಾಗಬಹುದು ಯೋಚಿಸಿ. ಮಳೆಗಾಲದಲ್ಲಿ ಜ್ವರ ಬಂದು ಹೋಗಿದ್ದರೆ ರಕ್ತಪರೀಕ್ಷೆ ಮಾಡಿಸದೆ ಸ್ಪಾರಿಂಗ್ (ಜಿಮ್ಮಿನಲ್ಲಿ ಜೊತೆಗಾರನ ಜೊತೆ ಆಡುವ ಅಭ್ಯಾಸದ ಪಂದ್ಯ) ಕೂಡ ಬೇಡ. ಹಾಗೆಯೇ ಆಸ್ಪಿರಿನ್ ಮಾತ್ರೆ. ಅದರ ಪರಿಣಾಮ ಪ್ಲೇಟ್‌ಲೆಟ್ ಮೇಲೆ ಒಂದು ವಾರದಷ್ಟು ಇರುತ್ತದೆ. ಮೊಣಕೈ ನೋವಿಗೆ ಅಂತ ಮೆಡಿಕಲ್ ಶಾಪಿನಿಂದ ತಂದು ನುಂಗುವ ಐಬುಪ್ರೊಫೆನ್ ಜಾತಿಯ ಮಾತ್ರೆಗಳೂ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಏನೇನು ನುಂಗುತ್ತಿದ್ದೀರಿ ಅಂತ ಡಾಕ್ಟರಿಗೆ ಒಂದನ್ನೂ ಬಿಡದೆ ಹೇಳಿ.

ಎಂಎಂಎ ಆಡುವವರು ಚರ್ಮವನ್ನೂ ತೋರಿಸಬೇಕು. ಹುಳುಕಡ್ಡಿ, ಕೀವುಗುಳ್ಳೆ, ತುಟಿ ಸುತ್ತ ಏಳುವ ಹರ್ಪಿಸ್ ಮ್ಯಾಟ್ ಮೇಲೆ ಒಬ್ಬರಿಂದ ಒಬ್ಬರಿಗೆ ಸುಲಭವಾಗಿ ಹರಡುತ್ತವೆ.

ಹಂತ 2: ಆಯೋಜಕರಿಗೆ ಕೇಳಬೇಕಾದ ಪ್ರಶ್ನೆಗಳು

ಎಲ್ಲಕ್ಕಿಂತ ಮುಖ್ಯ ಅಂತ ನಾನು ನಂಬಿರುವುದು ಈ ಹಂತ. ಇಲ್ಲಿ ಸಂಕೋಚ ಬೇಡವೇ ಬೇಡ.

ಲಂಡನ್ನಿನಲ್ಲಿ 1991ರ ಸೆಪ್ಟೆಂಬರ್ 21ರಂದು ಬ್ರಿಟಿಷ್ ಬಾಕ್ಸರ್‌ಗಳಾದ ಮೈಕೆಲ್ ವಾಟ್ಸನ್ ಮತ್ತು ಕ್ರಿಸ್ ಯೂಬ್ಯಾಂಕ್ ಆಡಿದರು. ಕೊನೆಯ ಹನ್ನೆರಡನೇ ರೌಂಡಿನಲ್ಲಿ ಪಂದ್ಯ ನಿಂತಿತು. ವಾಟ್ಸನ್ ರಿಂಗಿನಲ್ಲೇ ಕುಸಿದರು. ಮೆದುಳಿನಲ್ಲಿ ರಕ್ತ ಸೇರುತ್ತಿತ್ತು. ರಿಂಗ್ ಬದಿಯಲ್ಲಿ ಆಮ್ಲಜನಕ ಕೊಟ್ಟು ಉಸಿರಾಟ ನಡೆಸಲು ತಕ್ಕ ವ್ಯವಸ್ಥೆ ಇರಲಿಲ್ಲ. ಮೊದಲು ಸೇರಿಸಿದ ಆಸ್ಪತ್ರೆಯಲ್ಲಿ ಮೆದುಳಿನ ಆಪರೇಷನ್ ಮಾಡುವವರಿರಲಿಲ್ಲ. ಅಲ್ಲಿಂದ ಇನ್ನೊಂದು ಆಸ್ಪತ್ರೆಗೆ ಒಯ್ದರು. ನ್ಯೂರೋ ಸರ್ಜನ್ ಪೀಟರ್ ಹ್ಯಾಮ್ಲಿನ್ ಜೀವ ಉಳಿಸಿದರು. ಆದರೆ ವಾಟ್ಸನ್ 40 ದಿನ ಕೋಮಾದಲ್ಲಿದ್ದರು, ದೇಹದ ಅರ್ಧ ಸ್ವಾಧೀನ ಹೋಯಿತು. ಅವರು ಬ್ರಿಟಿಷ್ ಬಾಕ್ಸಿಂಗ್ ಬೋರ್ಡ್ ಮೇಲೆ ಕೇಸು ಹಾಕಿ ಗೆದ್ದರು. ನಿಯಮ ಮಾಡುವ ಸಂಸ್ಥೆಗೇ ಫೈಟರ್‌ನ ವೈದ್ಯಕೀಯ ಸುರಕ್ಷತೆಯ ಹೊಣೆ ಇದೆ ಅಂತ ಮೇಲ್ಮನವಿ ನ್ಯಾಯಾಲಯ 2000ದ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. 2003ರಲ್ಲಿ ಅದೇ ವಾಟ್ಸನ್ ಲಂಡನ್ ಮ್ಯಾರಥಾನನ್ನು ಆರು ದಿನ ನಡೆದು ಮುಗಿಸಿದರು.

ಅಷ್ಟರಲ್ಲಿ ಬ್ರಿಟನ್ನಿನ ವ್ಯವಸ್ಥೆ ಬದಲಾಗಿತ್ತು. 1995ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲೇ ನೈಜೆಲ್ ಬೆನ್ ಎದುರು ಜೆರಾಲ್ಡ್ ಮೆಕ್ಲೆಲನ್ ಕುಸಿದಾಗ ರಿಂಗ್ ಪಕ್ಕದಲ್ಲೇ ಅರಿವಳಿಕೆ ತಜ್ಞರಿದ್ದರು. ಬೇಗ ಆಪರೇಷನ್ ಆಯಿತು. ದೃಷ್ಟಿ ಹೋಯಿತು, ಆದರೆ ಜೀವ ಉಳಿಯಿತು.

ನಮ್ಮ ಕಡೆಗೆ ಬನ್ನಿ. 2022ರ ಜುಲೈನಲ್ಲಿ ಬೆಂಗಳೂರಿನ ಒಂದು ಕಿಕ್‌ಬಾಕ್ಸಿಂಗ್ ಟೂರ್ನಿಯಲ್ಲಿ ಮೈಸೂರಿನ 23 ವರ್ಷದ ಹುಡುಗ ತಲೆಗೆ ಏಟು ಬಿದ್ದು ಕುಸಿದ. ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಥಳದಲ್ಲಿ ತಕ್ಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಅಂತ ಮನೆಯವರು ದೂರಿದರು. ಆ ಸುದ್ದಿ ಓದಿದ ದಿನ ನಮ್ಮ ಜಿಮ್ಮಿನಲ್ಲಿ ಯಾರೂ ಗ್ಲೌಸ್ ಹಾಕಲಿಲ್ಲ.

ಅಮೆರಿಕದಲ್ಲಿ 1996ರಲ್ಲಿ ವೃತ್ತಿಪರ ಬಾಕ್ಸಿಂಗ್ ಸುರಕ್ಷತೆಗೆಂದೇ ಒಂದು ಕಾನೂನು ಬಂತು. ಅದು ಕಡ್ಡಾಯ ಮಾಡುವುದು ನಾಲ್ಕು ವಿಷಯ: ಪಂದ್ಯಕ್ಕೆ ಮುಂಚೆ ಡಾಕ್ಟರ್ ಪರೀಕ್ಷಿಸಿ ಬರೆದುಕೊಡಬೇಕು, ಆಂಬುಲೆನ್ಸ್ ಇಲ್ಲವೇ ಜೀವ ಉಳಿಸುವ ಉಪಕರಣ ಇರುವ ಸಿಬ್ಬಂದಿ ಉದ್ದಕ್ಕೂ ಸ್ಥಳದಲ್ಲಿರಬೇಕು, ರಿಂಗ್ ಬದಿಯಲ್ಲಿ ಡಾಕ್ಟರ್ ಉದ್ದಕ್ಕೂ ಇರಬೇಕು, ಪ್ರತಿ ಬಾಕ್ಸರ್‌ಗೂ ವಿಮೆ ಇರಬೇಕು. ವೃತ್ತಿಪರ ಬಾಕ್ಸಿಂಗ್‌ಗೆಂದೇ ಅಂಥ ಕೇಂದ್ರ ಕಾನೂನು ನಮ್ಮಲ್ಲಿಲ್ಲ. ಹಾಗಾಗಿ ಕೇಳುವ ಕೆಲಸ ನಮ್ಮದೇ. ನಾನು ಆಯೋಜಕರಿಗೆ ವಾಟ್ಸಾಪ್‌ನಲ್ಲಿ ಕಳಿಸಿ, ಬರಹದಲ್ಲೇ ಉತ್ತರ ತೆಗೆದುಕೊಳ್ಳುವ ಪ್ರಶ್ನೆಗಳು ಇವು:

- ರಿಂಗ್ ಬದಿಯ ಡಾಕ್ಟರ್ ಯಾರು? ಎಂಬಿಬಿಎಸ್ ಆಗಿರುವವರಾ? ತುರ್ತು ಚಿಕಿತ್ಸೆ ಮಾಡಿ ಗೊತ್ತಾ? (ಫಿಸಿಯೋ ಇದ್ದಾರೆ ಅನ್ನುವುದು ಉತ್ತರವಲ್ಲ. ಫಿಸಿಯೋಗಳ ಮೇಲೆ ನನಗೆ ಗೌರವ ಇದೆ, ಆದರೆ ಅವರು ಬೇರೆ ಕೆಲಸ ಕಲಿತವರು.)
- ಆಂಬುಲೆನ್ಸ್‌ನಲ್ಲಿ ಆಕ್ಸಿಜನ್, ಉಸಿರಾಟದ ಕೊಳವೆ ಹಾಕುವ ಸಾಮಾನು, ಅದನ್ನು ಬಳಸಬಲ್ಲವರು ಇದ್ದಾರಾ? ಬರೀ ಸ್ಟ್ರೆಚರ್ ಇರುವ ವ್ಯಾನಾ?
- ಒಂದೇ ಆಂಬುಲೆನ್ಸಾ? ಅದು ಒಬ್ಬನನ್ನು ಕರೆದೊಯ್ದರೆ ಇನ್ನೊಂದು ಬರುವ ತನಕ ಪಂದ್ಯ ನಿಲ್ಲಿಸುತ್ತೀರಾ?
- ಮೆದುಳಿನ ಆಪರೇಷನ್ ಮಾಡುವ ಹತ್ತಿರದ ಆಸ್ಪತ್ರೆ ಯಾವುದು? ಅವತ್ತು ರಾತ್ರಿ ಅಲ್ಲಿ ನ್ಯೂರೋ ಸರ್ಜನ್ ಇರುತ್ತಾರಾ? ಪಂದ್ಯ ಇದೆ ಅಂತ ಅವರಿಗೆ ಮುಂಚೆಯೇ ತಿಳಿಸಿದ್ದೀರಾ?
- ಡಾಕ್ಟರ್ ಮತ್ತು ಆಂಬುಲೆನ್ಸ್ ಎಷ್ಟು ಹೊತ್ತಿನ ತನಕ ಇರುತ್ತಾರೆ? ಕೊನೆಯ ಫೈಟರ್ ಕಟ್ಟಡ ಬಿಟ್ಟು ಹೊರಡುವ ತನಕ ಇರಬೇಕು.
- ವಿಮೆ ಎಷ್ಟರದು? ಪಾಲಿಸಿಯ ಪ್ರತಿ ಕೊಡಿ.

ವಿಮೆಯ ಬಗ್ಗೆ ಒಂದು ಎಚ್ಚರಿಕೆ. ಮನೆಯಲ್ಲಿ ಇರುವ ಹೆಲ್ತ್ ಇನ್ಶೂರೆನ್ಸ್ ಸಾಕು ಅಂದುಕೊಳ್ಳಬೇಡಿ. ಅಪಾಯದ ಕ್ರೀಡೆಗಳಲ್ಲಿ ವೃತ್ತಿಪರವಾಗಿ ಭಾಗವಹಿಸಿ ಆದ ಗಾಯದ ಖರ್ಚನ್ನು ಹೊರಗಿಡುವ ಷರತ್ತು ನಮ್ಮ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. 'ಹೊರತುಪಡಿಸಿದವು' ಅನ್ನುವ ಪುಟ ತೆಗೆದು ಓದಿ.

ರೌಂಡುಗಳ ಸಂಖ್ಯೆಯನ್ನೂ ನೋಡಿ. 1982ರ ನವೆಂಬರಿನಲ್ಲಿ ಲಾಸ್ ವೇಗಸ್‌ನಲ್ಲಿ ರೇ ಮ್ಯಾನ್ಸಿನಿ ಎದುರು 14ನೇ ರೌಂಡಿನಲ್ಲಿ ಬಿದ್ದ ಕೊರಿಯಾದ ಕಿಮ್ ಡುಕ್ ಕೂ ಕೆಲವು ದಿನಗಳಲ್ಲಿ ತೀರಿಕೊಂಡರು. ಅದಾದ ಮೇಲೆ ವಿಶ್ವ ಚಾಂಪಿಯನ್ ಪಟ್ಟದ ಪಂದ್ಯಗಳನ್ನು ನಡೆಸುವ ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್ 15 ರೌಂಡಿನ ಪಂದ್ಯಗಳನ್ನು 12ಕ್ಕೆ ಇಳಿಸಿತು. 2025ರ ಆಗಸ್ಟ್ 2ರಂದು ಟೋಕಿಯೋದಲ್ಲಿ ಒಂದೇ ರಾತ್ರಿ, ಬೇರೆ ಬೇರೆ ಪಂದ್ಯಗಳಲ್ಲಿ ಆಡಿದ ಇಬ್ಬರು ಜಪಾನೀ ಬಾಕ್ಸರ್‌ಗಳು ಸಬ್‌ಡ್ಯೂರಲ್ ಹೆಮಟೋಮಾದಿಂದ ಸತ್ತರು. ನಾಲ್ಕು ರೌಂಡ್ ಆಡಿ ರೂಢಿಯಿರುವ ಹುಡುಗನನ್ನು ದುಡ್ಡು ಜಾಸ್ತಿ ಸಿಗುತ್ತೆ ಅಂತ ಎಂಟು ರೌಂಡಿಗೆ ಒಪ್ಪಿಸಬೇಡಿ. ದಣಿದ ಕುತ್ತಿಗೆ ತಲೆಯನ್ನು ಹಿಡಿದು ನಿಲ್ಲಿಸಲಾರದು.

ಪಂದ್ಯದ ಹಿಂದಿನ ದಿನ ಜಾಗಕ್ಕೆ ಹೋಗಿ ನಡೆದು ನೋಡಿ. ರಿಂಗಿನಿಂದ ಬಾಗಿಲಿಗೆ ಎಷ್ಟು ಹೆಜ್ಜೆ? ಕುರ್ಚಿ ಸಾಲುಗಳ ನಡುವೆ ಸ್ಟ್ರೆಚರ್ ಹೋಗುತ್ತಾ? ಮೇಲಿನ ಮಹಡಿಯಾದರೆ ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುತ್ತಾ? ಆಂಬುಲೆನ್ಸ್ ಮುಂದೆ ಯಾರದಾದರೂ ಕಾರು ನಿಲ್ಲಿಸುವ ಹಾಗಿದೆಯಾ? ಶನಿವಾರ ಸಂಜೆ ಬೆಂಗಳೂರಿನ ಟ್ರಾಫಿಕ್‌ನಲ್ಲಿ ನಿಮ್ಹಾನ್ಸ್‌ಗೋ ಇನ್ನೊಂದು ನ್ಯೂರೋ ಆಸ್ಪತ್ರೆಗೋ ಮುಟ್ಟಲು ಎಷ್ಟು ಹೊತ್ತು ಅಂತ ಅದೇ ಸಮಯದಲ್ಲಿ ಒಂದು ಸಲ ಹೋಗಿ ಬನ್ನಿ. ಸುಮ್ನೆ ಮ್ಯಾಪ್ ನೋಡಿ ಅಂದಾಜು ಹಾಕಬೇಡಿ.

ಹಂತ 3: ತೂಕ ಇಳಿಸುವುದು

ಪಂದ್ಯಗಳು ತೂಕದ ವಿಭಾಗಗಳಲ್ಲಿ ನಡೆಯುತ್ತವೆ, ತಮ್ಮ ವಿಭಾಗದ ಮಿತಿಯೊಳಗೆ ಬರಲು ಫೈಟರ್‌ಗಳು ತೂಕ ಇಳಿಸುತ್ತಾರೆ. ಎದುರಾಳಿ ಮುಟ್ಟುವ ಮುಂಚೆಯೇ ಫೈಟರ್ ಸಾಯಬಹುದಾದ ಜಾಗ ಇದು. 2015ರ ಡಿಸೆಂಬರಿನಲ್ಲಿ ಚೀನಾದ ಯಾಂಗ್ ಜಿಯಾನ್ ಬಿಂಗ್ ಮನಿಲಾದಲ್ಲಿ ವನ್ ಚಾಂಪಿಯನ್‌ಶಿಪ್ ಅನ್ನುವ ಎಂಎಂಎ ಸಂಸ್ಥೆಯ ಪಂದ್ಯಕ್ಕೆ ತೂಕ ಇಳಿಸುತ್ತಾ ಕುಸಿದು ತೀರಿಕೊಂಡರು. ಆಮೇಲೆ ಆ ಸಂಸ್ಥೆ ನಿರ್ಜಲೀಕರಣದಿಂದ ತೂಕ ಇಳಿಸುವುದನ್ನೇ ನಿಷೇಧಿಸಿತು. ಮೂತ್ರ ಪರೀಕ್ಷೆ ಮಾಡಿ ದೇಹದಲ್ಲಿ ನೀರು ಸಾಕಷ್ಟಿದೆಯಾ ನೋಡುತ್ತಾರೆ.

ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್ ಪಾಲಿಸುವ ಲೆಕ್ಕ ಸುಲಭವಾಗಿದೆ, ಎಲ್ಲರೂ ಬಳಸಬಹುದು. ಪಂದ್ಯಕ್ಕೆ 30 ದಿನ ಇರುವಾಗ ತೂಕ ಮಿತಿಗಿಂತ 10 ಶೇಕಡಾಕ್ಕಿಂತ ಜಾಸ್ತಿ ಇರಬಾರದು. 7 ದಿನ ಇರುವಾಗ 5 ಶೇಕಡಾ. ಉದಾಹರಣೆಗೆ, ವೆಲ್ಟರ್‌ವೇಟ್ ಅನ್ನುವ ವಿಭಾಗದ ಮಿತಿ 66.68 ಕೆಜಿ. ಅಂದರೆ ತಿಂಗಳ ಮುಂಚೆ ಸುಮಾರು 73.3 ಕೆಜಿ, ವಾರದ ಮುಂಚೆ 70 ಕೆಜಿ ಒಳಗಿರಬೇಕು. ಮೀರಿದ್ದರೆ ಆ ತೂಕದಲ್ಲಿ ಆಡಬೇಡಿ, ಮೇಲಿನದಕ್ಕೆ ಹೋಗಿ.

ಪ್ಲಾಸ್ಟಿಕ್ ಸೂಟ್ ಹಾಕಿ ಓಡುವುದು, ಬಿಸಿನೀರ ಟಬ್ಬಿನಲ್ಲಿ ಕೂರುವುದು, ನೀರು ಹೋಗುವ ಮಾತ್ರೆ ನುಂಗುವುದು ಮೂರೂ ಬೇಡ. ಆ ಮಾತ್ರೆಗಳು ಡೋಪಿಂಗ್ ಪಟ್ಟಿಯಲ್ಲೂ ಇವೆ. ಮೂತ್ರ ನಿಂತರೆ, ಎದೆ ಡವಗುಟ್ಟಿದರೆ, ಮಾತು ತಡವರಿಸಿದರೆ ತೂಕ ಮರೆತು ಆಸ್ಪತ್ರೆಗೆ ಓಡಿ. ಅಧಿಕೃತವಾಗಿ ತೂಕ ನೋಡಿ ಆದಮೇಲೆ ಓಆರ್‌ಎಸ್, ಗಂಜಿ, ಮೊಸರನ್ನ ಸ್ವಲ್ಪ ಸ್ವಲ್ಪವಾಗಿ ಕೊಡಿ. ಆಸ್ಪತ್ರೆ ಚಿಕಿತ್ಸೆಯ ಹೊರತು 12 ಗಂಟೆಯಲ್ಲಿ 100 ಮಿಲಿಗಿಂತ ಹೆಚ್ಚು ಡ್ರಿಪ್ ಹಾಕಿಸಿಕೊಳ್ಳುವುದು ವಿಶ್ವ ಡೋಪಿಂಗ್ ತಡೆ ಸಂಸ್ಥೆ ವಾಡಾದ ನಿಯಮದಲ್ಲಿ ನಿಷಿದ್ಧ.

ಹಂತ 4: ಪಂದ್ಯದ ದಿನ

ಪಂದ್ಯದ ಮುಂಚಿನ ತಪಾಸಣೆಯಲ್ಲಿ ಡಾಕ್ಟರಿಗೆ ಸುಳ್ಳು ಹೇಳಬೇಡಿ. ಹೋದ ವಾರ ಸ್ಪಾರಿಂಗ್‌ನಲ್ಲಿ ತಲೆ ತಿರುಗಿತ್ತು, ಮೂರು ದಿನದಿಂದ ತಲೆನೋವಿದೆ ಅನ್ನುವುದನ್ನು ಹುಡುಗರು ಮುಚ್ಚಿಡುತ್ತಾರೆ. ಕೋಚ್‌ಗಳೇ ಹೇಳಿಕೊಡುವುದನ್ನೂ ಕೇಳಿದ್ದೇನೆ. ದಯವಿಟ್ಟು ಬೇಡ. ಮುಂಚಿನ ಏಟಿನಿಂದ ಪೂರ್ತಿ ಸುಧಾರಿಸದ ಮೆದುಳಿಗೆ ಇನ್ನೊಂದು ಏಟು ಬಿದ್ದರೆ, ಅದು ಸಣ್ಣದಾದರೂ ಸಾಕು.

ರೆಫರಿ ನಿಯಮ ಹೇಳಲು ಬಂದಾಗ ಒಂದು ಪ್ರಶ್ನೆ ಕೇಳಲೇಬೇಕು: "ಸರ್, ನಾವು ಪಂದ್ಯ ನಿಲ್ಲಿಸಬೇಕು ಅಂದ್ರೆ ಏನು ಮಾಡಬೇಕು?" ಟವೆಲ್ ಎಸೆದರೆ ಮುಗೀತು ಅಂತ ಎಲ್ಲರೂ ತಿಳಿದಿದ್ದಾರೆ. ಎಲ್ಲಾ ಕಡೆ ಅದಕ್ಕೆ ಮಾನ್ಯತೆ ಇಲ್ಲ. ಕೆಲವು ಕಡೆ ರಿಂಗಿನ ಅಂಚು ಹತ್ತಿ ನಿಲ್ಲಬೇಕು, ಕೆಲವು ಕಡೆ ಅಧಿಕಾರಿಗೆ ಹೇಳಬೇಕು. ಗದ್ದಲದ ನಡುವೆ ಅದನ್ನು ಹುಡುಕುತ್ತಾ ನಿಂತರೆ ಹುಡುಗ ಇನ್ನೂ ನಾಲ್ಕು ಏಟು ತಿಂದಿರುತ್ತಾನೆ.

ಆಂಬುಲೆನ್ಸ್ ಎಲ್ಲಿದೆ, ಡ್ರೈವರ್ ಒಳಗೆ ಕೂತಿದ್ದಾರಾ ಅಂತ ಕಣ್ಣಾರೆ ನೋಡಿ ಬನ್ನಿ. ಇಲ್ಲದಿದ್ದರೆ ಕೈಗೆ ಪಟ್ಟಿ ಕಟ್ಟುವ ಕೆಲಸವನ್ನೇ ಶುರು ಮಾಡಬೇಡಿ. ನಾನು ಎರಡು ಸಲ ಹೀಗೆ ಕೂತಿದ್ದೇನೆ. ಎರಡು ಸಲವೂ ಅರ್ಧ ಗಂಟೆಯಲ್ಲಿ ಆಂಬುಲೆನ್ಸ್ ಬಂತು.

ಹಂತ 5: ಆ ಅರವತ್ತು ಸೆಕೆಂಡು

ರೌಂಡುಗಳ ನಡುವಿನ ಒಂದು ನಿಮಿಷದಲ್ಲಿ ಎಲ್ಲರೂ ಒಟ್ಟಿಗೆ ಕಿರುಚುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಕೋಚ್ ಮಾತಾಡುತ್ತಾರೆ, ನಾನು ಕಣ್ಣು ನೋಡುತ್ತೇನೆ. ಸ್ಟೂಲಿಗೆ ನೇರವಾಗಿ ಬಂದನಾ, ಬೇರೆ ಕಾರ್ನರ್ ಕಡೆ ತಿರುಗಿದನಾ? ಎರಡೂ ಪಾಪೆ ಒಂದೇ ಅಳತೆಯಲ್ಲಿವೆಯಾ? ಕಾಲು ಎಳೆಯುತ್ತಿದ್ದಾನಾ? "ಇದು ಎಷ್ಟನೇ ರೌಂಡು? ಹೋದ ರೌಂಡಲ್ಲಿ ಏನು ಹೇಳಿದ್ದೆ?" ಅಂತ ಕೇಳುತ್ತೇನೆ. "ಚೆನ್ನಾಗಿದ್ದೀಯಾ?" ಅಂತ ಕೇಳಿ ಉಪಯೋಗವಿಲ್ಲ. ಜೀವಮಾನದಲ್ಲಿ ಯಾವ ಫೈಟರೂ ಅದಕ್ಕೆ 'ಇಲ್ಲ' ಅಂದಿಲ್ಲ.

ತಲೆನೋವು ಅಂತ ಅವನೇ ಬಾಯಿಬಿಟ್ಟು ಹೇಳಿದರೆ ಅಲ್ಲಿಗೆ ಪಂದ್ಯ ಮುಗಿಯಿತು. ಗಾಯಕ್ಕೆ ವ್ಯಾಸಲೀನ್, ಒತ್ತಡ, ಐಸ್, ನಿಯಮ ಒಪ್ಪಿದರೆ ಅಡ್ರಿನಲಿನ್ ಅದ್ದಿದ ಹತ್ತಿ ಹಿಡಿಯಬಹುದು. ಅಮೋನಿಯಾ ಮೂಸಿಸುವುದು ಬೇಡ. ಎಚ್ಚರ ಬಂದಂತೆ ಕಾಣುತ್ತದೆ, ಒಳಗಿನ ತೊಂದರೆ ಹಾಗೇ ಇರುತ್ತದೆ. ಕಣ್ಣಿನ ಕೆಳಗೆ ಊದಿಕೊಂಡಿದ್ದರೆ ಜೋರಾಗಿ ಸಿಂಬಳ ಸೀಟಲು ಬಿಡಬೇಡಿ. ಕಣ್ಣುಗೂಡಿನ ಎಲುಬು ಬಿರುಕು ಬಿಟ್ಟಿದ್ದರೆ ಗಾಳಿ ಒಳನುಗ್ಗಿ ಕಣ್ಣು ಕ್ಷಣದಲ್ಲಿ ಬಲೂನಿನಂತೆ ಊದುತ್ತದೆ.

ನಿಲ್ಲಿಸುವ ತೀರ್ಮಾನ ಫೈಟರ್‌ದಲ್ಲ. 2019ರ ಜುಲೈನಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಬಾಕ್ಸರ್ ಮ್ಯಾಕ್ಸಿಮ್ ದಾದಾಶೆವ್ ಅವರ ಟ್ರೇನರ್ ಬಡ್ಡಿ ಮೆಕ್‌ಗರ್ಟ್ 11ನೇ ರೌಂಡ್ ಆದಮೇಲೆ ಪಂದ್ಯ ನಿಲ್ಲಿಸುತ್ತೇನೆ ಅಂದರು. ದಾದಾಶೆವ್ ಬೇಡ ಅಂತ ತಲೆಯಾಡಿಸಿದರು. ಮೆಕ್‌ಗರ್ಟ್ ಕೇಳಲಿಲ್ಲ, ನಿಲ್ಲಿಸಿದರು. ದಾದಾಶೆವ್‌ಗೆ ಡ್ರೆಸಿಂಗ್ ರೂಮಿನ ತನಕ ನಡೆಯಲೂ ಆಗಲಿಲ್ಲ. ಆಪರೇಷನ್ ಆಯಿತು, ನಾಲ್ಕು ದಿನದಲ್ಲಿ ತೀರಿಕೊಂಡರು. ಮೆಕ್‌ಗರ್ಟ್ ಮಾಡಿದ್ದು ಸರಿ. ಅವರಷ್ಟು ಕಟ್ಟುನಿಟ್ಟಾಗಿ, ಆದರೆ ಇನ್ನೂ ಎರಡು ರೌಂಡ್ ಮುಂಚೆಯೇ ನಿಲ್ಲಿಸುವ ಧೈರ್ಯ ನಮಗೆ ಬರಬೇಕು.

ಹಂತ 6: ಬಿದ್ದರೆ

ಎಚ್ಚರ ತಪ್ಪಿ ಬಿದ್ದವನನ್ನು ಎತ್ತಿ ಸ್ಟೂಲ್ ಮೇಲೆ ಕೂರಿಸಬೇಡಿ. ಮುಖಕ್ಕೆ ನೀರು ಎರಚಬೇಡಿ, ಬಾಯಿಗೆ ನೀರು ಬಿಡಬೇಡಿ. ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ಮಧ್ಯೆ ಚಮಚ ತುರುಕುವುದು ಯಾವುದೂ ಬೇಡ. ಹಲ್ಲು ಕಾಯುವ ಗಮ್‌ಶೀಲ್ಡ್ ಸುಲಭವಾಗಿ ಬಂದರೆ ತೆಗೆಯಿರಿ, ಕುತ್ತಿಗೆ ಅಲುಗಾಡದಂತೆ ಹಿಡಿಯಿರಿ, ಉಸಿರು ನೋಡಿ, ಡಾಕ್ಟರಿಗೆ ಜಾಗ ಬಿಡಿ. ಡಾಕ್ಟರೇ ಇಲ್ಲದ ಜಾಗದಲ್ಲಿ ಇಂಥದ್ದು ಆದರೆ ತಕ್ಷಣ 108ಕ್ಕೆ ಫೋನ್ ಮಾಡಿ, 'ತಲೆಗೆ ಏಟು, ಪ್ರಜ್ಞೆ ಇಲ್ಲ' ಅಂತ ಮೊದಲ ಮಾತಿನಲ್ಲೇ ಹೇಳಿ.

ಹಂತ 7: ಇಳಿದ ಮೇಲಿನ ಗಂಟೆ, ಮತ್ತು ಆ ರಾತ್ರಿ

ಗೆದ್ದವನನ್ನೂ ಡಾಕ್ಟರ್ ನೋಡಬೇಕು. ಗೆದ್ದವನೂ ಏಟು ತಿಂದಿರುತ್ತಾನೆ ಅಲ್ವಾ.

2013ರ ನವೆಂಬರಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಾಕ್ಸರ್ ಮಗೊಮೆದ್ ಅಬ್ದುಸಲಾಮೊವ್ ಹತ್ತು ರೌಂಡ್ ಆಡಿ ಪಾಯಿಂಟ್ಸ್ ಮೇಲೆ ಸೋತರು. ತಮ್ಮ ಕಾಲ ಮೇಲೆ ತಾವೇ ನಡೆದು ಬಂದರು. ಆಂಬುಲೆನ್ಸ್ ಬದಲು ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಹೋದರು. ಅಷ್ಟರಲ್ಲಿ ಮೆದುಳಿನಲ್ಲಿ ರಕ್ತ ಸೇರಿತ್ತು. ಜೀವ ಉಳಿಯಿತು, ಆದರೆ ಹಾಸಿಗೆ ಹಿಡಿದರು. ನ್ಯೂಯಾರ್ಕ್ ರಾಜ್ಯ 2017ರಲ್ಲಿ ಆ ಕುಟುಂಬಕ್ಕೆ 2.2 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ಇದನ್ನು ಓದುವಾಗಲೆಲ್ಲ ನನಗೆ ನಮ್ಮ ಆಟೋ ನೆನಪಾಗುತ್ತದೆ.

ಕೆಳಗಿನ ಯಾವುದಾದರೂ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ: ಏರುತ್ತಾ ಹೋಗುವ ತಲೆನೋವು, ವಾಂತಿ, ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುವುದು, ಮಾತು ತೊದಲುವುದು, ಒಂದು ಕೈಯೋ ಕಾಲೋ ಸೋಲುವುದು, ಒಂದು ಪಾಪೆ ದೊಡ್ಡದಾಗುವುದು, ಎಬ್ಬಿಸಿದರೂ ಏಳದಂಥ ಮಂಪರು, ಫಿಟ್ಸ್. ಸಿಟಿ ಸ್ಕ್ಯಾನ್ ಮತ್ತು ನ್ಯೂರೋ ಸರ್ಜನ್ ಎರಡೂ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ.

ಇವು ಯಾವುದೂ ಇಲ್ಲದಿದ್ದರೂ ಮೊದಲ 24 ಗಂಟೆ ಅವನನ್ನು ಒಬ್ಬನೇ ಬಿಡಬೇಡಿ. ಮಲಗಲಿ, ತೊಂದರೆಯಿಲ್ಲ. ಆದರೆ ಅದೇ ಕೋಣೆಯಲ್ಲಿ ಒಬ್ಬರು ಇರಿ. ಎಷ್ಟು ಹೊತ್ತಿಗೊಮ್ಮೆ ಎಬ್ಬಿಸಿ ನೋಡಬೇಕು ಅಂತ ಡಾಕ್ಟರನ್ನೇ ಕೇಳಿಕೊಳ್ಳಿ. ಪಾರ್ಟಿ, ಬಿಯರ್, ಬೈಕ್ ಮೂರೂ ಅವತ್ತು ಇಲ್ಲ. ನೋವಿಗೆ ಡಾಕ್ಟರ್ ಬರೆದದ್ದು ಮಾತ್ರ.

ಪಿಜಿಯಲ್ಲಿ ಒಬ್ಬನೇ ಇರುವ ಹುಡುಗನಾದರೆ ನಾವು ಅವತ್ತು ರಾತ್ರಿ ನಮ್ಮ ಮನೆಗೇ ಕರೆದುಕೊಂಡು ಬರುತ್ತೇವೆ. ನನ್ನ ಹೆಂಡತಿ ಫೋನಿನಲ್ಲಿ ಅಲಾರಾಂ ಇಟ್ಟುಕೊಂಡು ಎದ್ದು, "ಏನಪ್ಪಾ, ನಿಮ್ಮಮ್ಮನ ಹೆಸರೇನು?" ಅಂತ ಕೇಳುತ್ತಾಳೆ. ನಿದ್ದೆಗಣ್ಣಲ್ಲಿ ಬೈದುಕೊಂಡರೂ ಸರಿಯಾದ ಹೆಸರು ಹೇಳಿದರೆ ಅವಳಿಗೆ ಸಮಾಧಾನ.

ಹಂತ 8: ಮತ್ತೆ ಯಾವಾಗ?

ರಿಂಗ್‌ಸೈಡ್ ಡಾಕ್ಟರುಗಳ ಅಂತರರಾಷ್ಟ್ರೀಯ ಸಂಘಟನೆ ಕೊಡುವ ಸಲಹೆ ಹೀಗಿದೆ. ತಲೆಗೆ ಬಿದ್ದ ಏಟುಗಳಿಂದ ಟಿಕೆಒ ಆದರೆ, ಅಂದರೆ ಇನ್ನು ಆಡಲಾರ ಅಂತ ಪಂದ್ಯ ನಿಲ್ಲಿಸಿದರೆ, ಕನಿಷ್ಠ 30 ದಿನ ಪಂದ್ಯ ಇಲ್ಲ. ಪ್ರಜ್ಞೆ ತಪ್ಪದೆ ನಾಕೌಟ್ ಆದರೆ 60 ದಿನ. ಪ್ರಜ್ಞೆ ತಪ್ಪಿದ್ದರೆ 90 ದಿನ. ಇದು ಕನಿಷ್ಠ. ಡಾಕ್ಟರ್ ಜಾಸ್ತಿ ಹೇಳಿದರೆ ಅದೇ ಸರಿ. ಅಮೆರಿಕದಲ್ಲಿ ಒಂದು ರಾಜ್ಯ ಹೀಗೆ ತಡೆದರೆ ಉಳಿದ ರಾಜ್ಯಗಳೂ ಅದನ್ನು ಮನ್ನಿಸಬೇಕು. ನಮ್ಮಲ್ಲಿ ಒಬ್ಬ ಆಯೋಜಕನ ಪಂದ್ಯದಲ್ಲಿ ನಾಕೌಟ್ ಆದವನು ಮೂರು ವಾರದಲ್ಲಿ ಇನ್ನೊಬ್ಬರ ಪಂದ್ಯದಲ್ಲಿ ಕಾಣಿಸಿಕೊಂಡರೆ ಹಿಡಿದು ಕೇಳುವವರು ಕಡಿಮೆ. ಅದಕ್ಕೇ ಪ್ರತಿ ಫೈಟರ್‌ಗೂ ಒಂದು ನೋಟ್‌ಬುಕ್ ಇರಲಿ. ಪಂದ್ಯದ ದಿನಾಂಕ, ಹೇಗೆ ಮುಗಿಯಿತು, ಸ್ಕ್ಯಾನ್ ಏನು ಹೇಳಿತು, ಎಷ್ಟು ದಿನ ರಜೆ ಅಂತ ಬರೆದು ಡಾಕ್ಟರ್ ಸಹಿ ಹಾಕಿಸಿ. ಒಂದು ಪ್ರತಿ ಮನೆಯಲ್ಲಿರಲಿ.

ರಜೆ ಅಂದರೆ ಸ್ಪಾರಿಂಗ್‌ಗೂ ರಜೆ. ನಿಕ್ ಬ್ಲ್ಯಾಕ್‌ವೆಲ್ ಅಂತ ಬ್ರಿಟಿಷ್ ಬಾಕ್ಸರ್. 2016ರ ಮಾರ್ಚಿನಲ್ಲಿ ಪಂದ್ಯದಲ್ಲಿ ಮೆದುಳಿನ ರಕ್ತಸ್ರಾವ ಆಗಿ ಬದುಕಿ ಬಂದರು, ಬಾಕ್ಸಿಂಗ್ ಬಿಟ್ಟರು. ಅದೇ ವರ್ಷ ನವೆಂಬರಿನಲ್ಲಿ ಜಿಮ್ಮಿನಲ್ಲಿ ಸ್ಪಾರಿಂಗ್ ಮಾಡಿದರು. ಮತ್ತೆ ತಲೆಗೆ ಪೆಟ್ಟಾಗಿ ಆಪರೇಷನ್ ಆಯಿತು. ಪ್ರೇಕ್ಷಕರಿಲ್ಲ, ಟಿಕೆಟ್ ಇಲ್ಲ, ಬೆಲ್ಟ್ ಇಲ್ಲ. ಏಟು ಮಾತ್ರ ಅದೇ.

ವಾಪಸ್ ಬರುವುದು ಮೆಟ್ಟಿಲು ಮೆಟ್ಟಿಲಾಗಿ. ಮೊದಲು ನಡಿಗೆ, ಆಮೇಲೆ ಓಟ ಮತ್ತು ಸ್ಕಿಪ್ಪಿಂಗ್, ಆಮೇಲೆ ಶ್ಯಾಡೋ (ಎದುರಾಳಿಯಿಲ್ಲದೆ ಗಾಳಿಯಲ್ಲಿ ಗುದ್ದುವುದು), ಬ್ಯಾಗ್, ಕೋಚ್ ಹಿಡಿಯುವ ಪ್ಯಾಡ್. ಪ್ರತಿ ಮೆಟ್ಟಿಲಲ್ಲೂ ಒಂದು ದಿನವಾದರೂ ನಿಂತು ನೋಡಿ. ತಲೆನೋವು ಬಂದರೆ ಒಂದು ಮೆಟ್ಟಿಲು ಕೆಳಗೆ ಇಳಿಯಿರಿ. ಸ್ಪಾರಿಂಗ್ ಕೊನೆಯದು, ಅದೂ ಡಾಕ್ಟರ್ ಬರೆದುಕೊಟ್ಟ ಮೇಲೆ.

ಲೇಸ್ ಕಟ್ಟುತ್ತಿದ್ದ ಹುಡುಗನಿಗೆ ನಾವು 60 ದಿನ ಬರೆದೆವು. ಪ್ರತಿ ದಿನ ಜಿಮ್ಮಿಗೆ ಬಂದು ಸ್ಕಿಪ್ಪಿಂಗ್ ಮಾಡಿ ಹೋಗುತ್ತಿದ್ದ, ರಿಂಗಿನ ಕಡೆ ಆಸೆಗಣ್ಣಿಂದ ನೋಡುತ್ತಿದ್ದ. ನಲವತ್ತನೇ ದಿನ "ಅಣ್ಣಾ, ಒಂದೇ ರೌಂಡ್, ಮೆಲ್ಲಗೆ" ಅಂದ. ನಾನು ನೋಟ್‌ಬುಕ್ ತೆಗೆದು ತೋರಿಸಿದೆ. ಅವತ್ತು ಸ್ಕ್ಯಾನ್ ಮಾಡಿಸಿದ ಡಾಕ್ಟರ ಸಹಿ ಇತ್ತು, ಅದರ ಕೆಳಗೆ ಅವರಮ್ಮ ನೀಲಿ ಪೆನ್ನಲ್ಲಿ ಹಾಕಿದ ಸಹಿಯೂ ಇತ್ತು. ಅವನು ಹಗ್ಗ ಎತ್ತಿಕೊಂಡು ಮೂಲೆಗೆ ಹೋದ.